ಅತ್ತಿಗೆಯ ಉಳಿಗಾಡಿ

ಹೊಟ್ಟೆಕಿಚ್ಚು ಪಡುವುದಾದರೆ ದೊಡ್ಡ ವಸ್ತುವಿನ ಮೇಲೆ ಪಡಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು. ಯಲಹಂಕದ ಪಕ್ಕದ ನಮ್ಮೂರು ಕೋಗಿಲಿನಲ್ಲಿ ಅದಕ್ಕೆ ಬೇಕಾದ ಅನುಕೂಲಗಳೆಲ್ಲ ಇವೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಹದಿನೆಂಟು ಮಹಡಿಯ ಕಟ್ಟಡಗಳು ಎದ್ದಿವೆ. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತು ನನ್ನ ಲೆಕ್ಕ ನಕಲು ಮಾಡಿ, ಅದರಲ್ಲಿದ್ದ ತಪ್ಪಿಗೆ ನನ್ನನ್ನೇ ಬೈದಿದ್ದ ಹುಡುಗಿಯೊಬ್ಬಳು ಈಗ ಹೆಬ್ಬಾಳದ ಕೆರೆ ಕಾಣುವ ಬಾಲ್ಕನಿಯಲ್ಲಿ ನಿಂತು ಸೂರ್ಯಾಸ್ತದ ಫೋಟೋ ಹಾಕುತ್ತಾಳೆ. ಅವಳ ಮೇಲೆ ಪಡಬಹುದಿತ್ತು. ಪಟ್ಟಿದ್ದರೆ ನೀವೂ ‘ಪಾಪ, ಸಹಜ’ ಎನ್ನುತ್ತಿದ್ದಿರಿ. ಆದರೆ ನಾನು, ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಟ್ರೋಫಿಗಳಿಗೆಂದೇ ಮನೆಯಲ್ಲೊಂದು ಶೆಲ್ಫ್ ಇರುವವಳು, ಎರಡು ತಿಂಗಳು ಅನ್ನ ಸೇರದಂತೆ ಹೊಟ್ಟೆಕಿಚ್ಚು ಪಟ್ಟಿದ್ದು ಅಂಗೈಯಷ್ಟಗಲದ ಒಂದು ಹೊನ್ನೆ ಮರದ ತುಂಡಿನ ಮೇಲೆ.

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಿಗೆ ಹೋದಾಗ ಅದು ಶೆಡ್ಡಿನ ಕಿಟಕಿಯ ಮೇಲೆ ಕೂತಿತ್ತು. ನನ್ನನ್ನು ನೋಡಿತು ಎನ್ನಲಾರೆ, ಅಂಥ ಮಾತುಗಳಲ್ಲಿ ನನಗೆ ನಂಬಿಕೆಯಿಲ್ಲ. ನಾನಂತೂ ಅದನ್ನು ನೋಡಿದೆ. ಬಾಯಲ್ಲಿದ್ದ ನೊರೆ ಉಗಿಯುವುದು ಮರೆತು ನೋಡಿದೆ.

ಅದೇನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮಪ್ಪ ಮರಗೆಲಸದವರು. ನಾವು ಆಚಾರರು, ತಾತನ ಕಾಲದಿಂದ ಈ ಊರಿನ ಬಾಗಿಲು, ಕಿಟಕಿ, ನೇಗಿಲು ಎಲ್ಲ ನಮ್ಮ ಮನೆಯವರದೇ ಕೆಲಸ. ನೇಗಿಲು ಹೋಗಿ ಅಡುಗೆಮನೆಯ ಕಬೋರ್ಡು ಬಂದಿದೆ, ಉಳಿ ಮಾತ್ರ ಹಾಗೇ ಇದೆ. ಹಿತ್ತಿಲ ಶೆಡ್ಡಿನಲ್ಲಿ ಒಂದು ಸಾಣೆಕಲ್ಲು: ಗಾಡಿಯ ಚಕ್ರದಂತೆ ನಿಲ್ಲಿಸಿದ ದುಂಡು ಕಲ್ಲು, ಪಕ್ಕದಲ್ಲಿ ತಿರುಗಿಸುವ ಹಿಡಿ, ಮೇಲೆ ತೂತು ಮಾಡಿದ ಡಬ್ಬದಿಂದ ತೊಟ್ಟಿಕ್ಕುವ ನೀರು. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಉಳಿಗೆ ತುದಿಯಲ್ಲಿ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಬೆನ್ನು, ಅದು ಚಪ್ಪಟೆ. ಕಲ್ಲಿಗೆ ಒಡ್ಡಬೇಕಾದ್ದು ಇಳಿಜಾರನ್ನು ಮಾತ್ರ, ಅದೂ ಒಂದೇ ಓರೆಯಲ್ಲಿ. ಕೈ ಒಂಚೂರು ಏರಿದರೆ ಕೊಯ್ಯುವ ಬಾಯಿ ಮೊಂಡಾಗುತ್ತದೆ, ಇಳಿದರೆ ತೆಳುವಾಗಿ ಮುಕ್ಕಾಗುತ್ತದೆ. ನಮ್ಮಪ್ಪನ ಕೈ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅವರ ಇಡೀ ಜಂಬ ಆ ಓರೆಯ ಮೇಲೆ ನಿಂತಿದೆ.

ಆ ಹೊನ್ನೆ ತುಂಡು ಏನೆಂದರೆ, ಕೈ ಬರದವರಿಗಾಗಿ ಉಳಿಯನ್ನು ಆ ಓರೆಯಲ್ಲೇ ಹಿಡಿದು ನಿಲ್ಲಿಸುವ ಒಂದು ಸಾಧನ. ಎರಡು ತುಂಡು ಮರ, ನಡುವೆ ಉಳಿ, ಮೇಲೆ ರೆಕ್ಕೆಯಿರುವ ಎರಡು ನಟ್ಟು ಬಿಗಿದರೆ ಉಳಿ ಅಲ್ಲಾಡುವುದಿಲ್ಲ. ಕೆಳಗೆ ಹಳೆಯ ವಾರ್ಡ್‌ರೋಬಿನ ಸರಿಯುವ ಬಾಗಿಲಿನಿಂದ ಕಿತ್ತ ಎರಡು ಪುಟ್ಟ ಗಾಲಿ. ಅವು ಕಲ್ಲಿನ ಮುಂದೆ ಹಾಕಿದ ಕಬ್ಬಿಣದ ಸರಳಿನ ಮೇಲೆ ಅತ್ತಿತ್ತ ಓಡುತ್ತವೆ. ಅಪ್ಪ ಅದಕ್ಕೆ ಉಳಿಗಾಡಿ ಎಂದು ಹೆಸರಿಟ್ಟರು. ಮಾಡಿದ್ದು ನಮ್ಮತ್ತಿಗೆಗಾಗಿ.

ನೋಡಿ, ಈಗ ನಿಮಗೆ ಸಮಸ್ಯೆ ಅರ್ಥವಾಗತೊಡಗಿರಬೇಕು.

ಆ ಹಿಡಿಯನ್ನು ತಿರುಗಿಸುವ ಕೆಲಸ ನನ್ನದಾಗಿತ್ತು. ಆರು ವರ್ಷದವಳಿದ್ದಾಗಿನಿಂದ. ಭಾನುವಾರ ಬೆಳಿಗ್ಗೆ ಅಪ್ಪ ಉಳಿಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ನಾನು ಹಿಡಿ ಹಿಡಿದು ತಿರುಗಿಸುತ್ತಿದ್ದೆ. ಕಲ್ಲಿನಿಂದ ಹಾರುವ ಬೂದುಬಣ್ಣದ ನೀರು ನನ್ನ ಮುಖಕ್ಕೇ ಬರುತ್ತಿತ್ತು, ಅದರ ರುಚಿ ಕಬ್ಬಿಣದ ಕೊಳಾಯಿ ನೆಕ್ಕಿದ ಹಾಗಿರುತ್ತಿತ್ತು. ಕೊಳಾಯಿ ನೆಕ್ಕಿದ್ದೀಯಾ ಎಂದು ಕೇಳಬೇಡಿ, ವಿಷಯಾಂತರವಾಗುತ್ತದೆ. ಅಣ್ಣ ಸತೀಶ ಆ ಕಲ್ಲನ್ನು ಸೈಕಲ್ ಒರಗಿಸುವುದಕ್ಕೆ ಮಾತ್ರ ಬಳಸಿದವನು. ಹೀಗಾಗಿ ಆ ಕಲ್ಲಿನ ಮೇಲೆ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೇ ಎಂದು ಯಾರನ್ನೂ ಕೇಳದೆ ತೀರ್ಮಾನ ಮಾಡಿಕೊಂಡಿದ್ದೆ.

ಏಳನೇ ಕ್ಲಾಸಿನಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡೆಲ್ ತರಬೇಕೆಂದರು. ಉಳಿದವರೆಲ್ಲ ಥರ್ಮೋಕೋಲಿನ ಜ್ವಾಲಾಮುಖಿ ಮಾಡುತ್ತಿದ್ದಾಗ ನಾನು ಅಮ್ಮನ ಹೊಲಿಗೆ ಯಂತ್ರದ ಎರಡು ದಾರದ ರೀಲುಗಳನ್ನು ಬಿಚ್ಚಿ ಗಾಲಿ ಮಾಡಿ, ಅವಕ್ಕೊಂದು ಮರದ ಚೂರು ಜೋಡಿಸಿ, ರಬ್ಬರ್ ಬ್ಯಾಂಡಿನಿಂದ ಅರ್ಧ ಇಂಚಿನ ಉಳಿ ಕಟ್ಟಿ ಅಪ್ಪನ ಮುಂದೆ ಹಿಡಿದೆ. ‘ಕೈ ಅಲ್ಲಾಡಿದರೂ ಓರೆ ಬದಲಾಗುವುದಿಲ್ಲ’ ಎಂದು ವಿವರಿಸಿದೆ. ಕಿಟಕಿ ಅಳತೆ ಕೊಡಲು ಬಂದಿದ್ದ ಯಾರೋ ಗೌಡರು ಕೂತಿದ್ದರು. ಅಪ್ಪ ಅವರ ಮುಂದೆಯೇ ನಕ್ಕರು.

“ಇದು ಕೈ ಇಲ್ದೋರ್ಗೆ ಕಣವ್ವ. ಆಚಾರಿ ಮಗಳಿಗ್ಯಾಕೆ ಇಂತಾದ್ದು? ನಾಳೆ ನಡಿಯಾಕೂ ಗಾಲಿ ಕಟ್ಕಂತೀಯಾ?”

ಗೌಡರೂ ನಕ್ಕರು. ನಾನು ಉಳಿ ಬಿಚ್ಚಿ ಗೋಣಿಚೀಲದ ಮೇಲಿಟ್ಟೆ. ಪ್ರದರ್ಶನದ ದಿನ ಮಾಡೆಲ್ ಇಲ್ಲದೆ ಹೋಗಿ, ಇಲ್ಲದ ಮಾಡೆಲ್ಲನ್ನು ಹತ್ತು ನಿಮಿಷ ವಿವರಿಸಿದೆ. ವಿಜ್ಞಾನದ ಮೇಷ್ಟ್ರು ಬೆರಗಾಗಿ, “ಇವಳನ್ನ ಚರ್ಚಾಸ್ಪರ್ಧೆಗೆ ಕಳ್ಸಿ” ಎಂದರು. ಹೀಗೆ ನಾನು ಮಾತಿಗೆ ಬಿದ್ದೆ. ಭಾನುವಾರಗಳು ಸ್ಪರ್ಧೆಗಳಿಗೆ ಹೋದವು. ಹಿಡಿ ತಿರುಗಿಸುವುದಕ್ಕೆ ಅಪ್ಪ ಯಾರ್ಯಾರನ್ನೋ ಕರೆಯತೊಡಗಿದರು, ಯಾರೂ ಸಿಗದಿದ್ದರೆ ಅಮ್ಮನನ್ನು.

ನನ್ನ ಚರ್ಚೆಗಳ ಬಗ್ಗೆ ಅಪ್ಪನಿಗೆ ಒಂದೇ ಕುತೂಹಲ ಇತ್ತು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ ಎಂದು ತಿಳಿದ ದಿನ ಅವರು ಊಟ ನಿಲ್ಲಿಸಿ ಕೇಳಿದರು: “ಅಂಗಾರೆ ಬೆಳಿಗ್ಗೆ ಒಂದು ಕಡೆ, ಮದ್ಯಾನ ಇನ್ನೊಂದು ಕಡೆ ಮಾತಾಡ್ತೀಯಾ?”

“ಹೌದಪ್ಪ. ಎರಡೂ ಕಡೆ ಗೆದ್ದೆ.”

“ಸರಿ ಬುಡು,” ಎಂದು ಅಪ್ಪ ಸಾರು ಬಡಿಸಿಕೊಂಡರು. ಮರುವಾರ ಟ್ರೋಫಿಗಳಿಗೆ ಶೆಲ್ಫ್ ಮಾಡಿಕೊಟ್ಟರು. ತೇಗದ್ದು, ಮೂಲೆಗಳಲ್ಲಿ ಒಂದು ಮೊಳೆಯೂ ಕಾಣದ ಹಾಗೆ. ಅದನ್ನು ಮೆಚ್ಚುಗೆ ಎಂದುಕೊಂಡೆ.

ಇನ್ನು ಅತ್ತಿಗೆ. ರೇವತಿ ಅಂತ ಹೆಸರು. ಯಶವಂತಪುರದವರು, ಅಣ್ಣನನ್ನು ಮದುವೆಯಾಗಿ ನಮ್ಮನೆಗೆ ಬಂದು ಎರಡು ವರ್ಷ. ಆರ್.ಟಿ. ನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಸಹಾಯಕಿ. ದಿನವಿಡೀ ಬಾಯಿ ಅಗಲ ಮಾಡಿಕೊಂಡು ಮಲಗಿದವರ ತಲೆಯ ಬಳಿ ನಿಂತಿರುವ ಕೆಲಸ. ಅವರು ಯಾರೂ ಮಾತಾಡುವಂತಿಲ್ಲ. ಇದರಿಂದ ಅತ್ತಿಗೆಗೆ ಒಂದು ಅಭ್ಯಾಸ ಬಂದಿದೆ: ಎದುರಿಗೆ ಯಾರು ಬಾಯಿ ತೆರೆದರೂ ಶಾಂತವಾಗಿ ಒಳಗೆ ನೋಡುತ್ತಾರೆ. ನಾನು ವಾದಕ್ಕೆ ನಿಂತಾಗಲೂ ಹಾಗೇ ನೋಡುತ್ತಾರೆ. ಎಲ್ಲ ಕೇಳಿ, “ಇರಬಹುದು ಸಿಂಧು,” ಎನ್ನುತ್ತಾರೆ. ಚರ್ಚೆ ಗೊತ್ತಿಲ್ಲದ ನಿಮಗೆ ಇದು ಸೌಜನ್ಯದಂತೆ ಕೇಳಿಸಬಹುದು. ಎದುರಾಳಿ ತಂಡವೇ ಬಾರದ ಪಂದ್ಯದಲ್ಲಿ ಮೈಕಿನ ಮುಂದೆ ನಿಂತಿರುವ ಕಷ್ಟ ನಿಂತವರಿಗೇ ಗೊತ್ತು. ಅತ್ತಿಗೆ ಮನೆಗೆ ಬಂದಾಗಿನಿಂದ ನಾನು ಅವರೊಂದಿಗೆ ಒಂದು ವಾದವನ್ನೂ ಸೋತಿಲ್ಲ, ಒಂದನ್ನೂ ಗೆದ್ದಿಲ್ಲ.

ಹೀಗಿರುವಾಗ ಅಪ್ಪನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಒಂದಷ್ಟು ವಾರ ಬಗ್ಗಬಾರದು, ಧೂಳು ಬೀಳಬಾರದು, ನೀರು ಸಿಡಿಯಬಾರದು ಎಂದರು. ಅಂದರೆ ಸಾಣೆಕಲ್ಲಿನ ಬಳಿ ನಡೆಯುವುದೆಲ್ಲ ನಿಷಿದ್ಧ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಮೊಂಡಾದ ಉಳಿಗಳ ಕಡೆ ನೋಡುತ್ತಾ, ಯಾರೋ ಮಕ್ಕಳಿಗೆ ಊಟ ಹಾಕಿಲ್ಲ ಎಂಬಂತೆ ಚಡಪಡಿಸಿದರು. ನಾನು ಕರೆಗಾಗಿ ಕಾಯುತ್ತಿದ್ದೆ. ಕಾಯುತ್ತಿಲ್ಲ ಎಂಬಂತೆ ಉತ್ತರಪತ್ರಿಕೆ ತಿದ್ದುತ್ತಾ ಜಗಲಿಯಲ್ಲೇ ಕೂತಿದ್ದೆ.

“ರೇವತಿ, ಒಸಿ ಇಂಗ್ ಬಾಮ್ಮ,” ಎಂದರು ಅಪ್ಪ.

ಮರುದಿನವೇ ಆ ಒಂದೇ ಕಣ್ಣಿನಲ್ಲಿ ಹೊನ್ನೆ ತುಂಡು ಹುಡುಕಿ, ಅಣ್ಣನ ಕೈಯಲ್ಲಿ ಕೊಯ್ಯಿಸಿ, ಗಾಲಿ ಜೋಡಿಸಿ ಉಳಿಗಾಡಿ ತಯಾರು ಮಾಡಿದರು. ಅಂಚುಗಳನ್ನು ಕೈಗೆ ಚುಚ್ಚದ ಹಾಗೆ ಉಜ್ಜಿ ದುಂಡಗೆ ಮಾಡಿದ್ದರು. ಅತ್ತಿಗೆಯ ಬೆರಳು ಕೂರುವಲ್ಲಿ ಒಂದು ಸಣ್ಣ ಗುಳಿ ಕೂಡ ತೋಡಿದ್ದರು. ಆ ಗುಳಿಯನ್ನು ನೋಡಿದಾಗ ಶುರುವಾಯಿತು ನೋಡಿ. ಎದೆಯ ಕೆಳಗೆ, ಎಡಕ್ಕೆ, ಅಸಿಡಿಟಿ ಬರುವ ಜಾಗದಲ್ಲೇ.

ಭಾನುವಾರ ಅತ್ತಿಗೆ ಉಳಿಗಾಡಿ ಹಿಡಿದು ಕಲ್ಲಿನ ಮುಂದೆ ಕೂತರು. ಹಿಡಿ ತಿರುಗಿಸಲು ಯಾರಾದರೂ ಬೇಕಲ್ಲ? ಅಪ್ಪ ಸುತ್ತ ನೋಡಿದರು.

“ಲೇ ಸಿಂಧು, ಸುಮ್ಕೆ ಕುಂತಿದ್ದೀಯಲ್ಲ, ಬಂದ್ ತಿರುಗ್ಸು.”

ಇಪ್ಪತ್ತೇಳನೇ ವಯಸ್ಸಿನಲ್ಲಿ, ಎಂ.ಎ. ಪದವೀಧರೆ, ಅತ್ತಿಗೆಗಾಗಿ ಸಾಣೆಕಲ್ಲು ತಿರುಗಿಸಿದೆ. ನೀರು ಎಂದಿನಂತೆ ನನ್ನ ಮುಖಕ್ಕೇ ಸಿಡಿಯಿತು. ಗಾಡಿಯ ಗಾಲಿಗಳು ಸರಳಿನ ಮೇಲೆ ಸದ್ದಿಲ್ಲದೆ ಓಡಿದವು. ಅಪ್ಪ ಬಾಗಿಲಲ್ಲಿ ಕೂತು “ಅಂಗೇ ಕಣಮ್ಮ, ಆಯ್ತು ಕಣಮ್ಮ, ಬಲ್ ಚೆನ್ನಾಗೈತೆ,” ಎನ್ನುತ್ತಿದ್ದರು. ಉಳಿ ತೆಗೆದು ಅತ್ತಿಗೆ ಕಾಗದದ ಮೇಲೆ ಎಳೆದರು. ಕಾಗದ ಸದ್ದೇ ಇಲ್ಲದೆ ಎರಡಾಯಿತು. ಅದು ಒಂದು ಉತ್ತರಪತ್ರಿಕೆಯಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ.

ಮೂರು ಭಾನುವಾರ ಸಹಿಸಿದೆ. ಮೂರನೆಯ ಭಾನುವಾರ ಕೆಲಸ ಮುಗಿದು ಅತ್ತಿಗೆ ಕೈ ತೊಳೆಯಲು ಒಳಗೆ ಹೋದಾಗ ಅಪ್ಪ ಗೋಡೆಯ ಕಡೆ ಕೈ ತೋರಿಸಿ, “ಬರೋ ವಾರ ತಾತನ ಉಳಿ ಕೊಡ್ತೀನಿ ಅವ್ಳಿಗೆ. ಅದೂ ಮೊಂಡಾಗೈತೆ,” ಎಂದರು.

ತಾತನ ಉಳಿ ಎಂದರೆ ಒಂದೂವರೆ ಇಂಚು ಅಗಲದ್ದು. ತಾತ ಕೋಲಾರದ ಕಡೆಯ ಕಮ್ಮಾರರೊಬ್ಬರ ಬಳಿ ಮಾಡಿಸಿದ್ದಂತೆ. ತೇದು ತೇದು ಈಗ ಬೆರಳುದ್ದ ಉಳಿದಿದೆ. ಉಳಿದ ಉಳಿಗಳು ಡಬ್ಬದಲ್ಲಿದ್ದರೆ ಅದೊಂದು ಗೋಡೆಯ ಮೇಲೆ, ದೇವರ ಪಟದ ಕೆಳಗೆ. ಅಪ್ಪನಲ್ಲದೆ ಇನ್ನೊಬ್ಬರು ಅದನ್ನು ಸಾಣೆ ಹಿಡಿದದ್ದು ನಾನು ಕಂಡಿಲ್ಲ. ನಾನು ಮುಟ್ಟಿದ್ದು ಆಯುಧಪೂಜೆಯಲ್ಲಿ ಕುಂಕುಮ ಇಡುವಾಗ ಮಾತ್ರ.

ಇನ್ನು ಸುಮ್ಮನಿರಲಾಗಲಿಲ್ಲ. ಹಿಡಿ ಬಿಟ್ಟು ಎದ್ದು ನಿಂತೆ.

“ಅಪ್ಪ, ಒಂದ್ ಪ್ರಶ್ನೆ. ನಾನು ಏಳನೇ ಕ್ಲಾಸಲ್ಲಿ ಇದೇ ಥರದ್ದು ಮಾಡಿದ್ದೆ. ‘ಕೈ ಇಲ್ದೋರ್ಗೆ’ ಅಂದಿದ್ರಿ. ಈಗ ನೀವೇ ಮಾಡಿದ್ದೀರ. ಒಂದೋ ಆಗ ಹೇಳಿದ್ದು ತಪ್ಪು, ಇಲ್ಲಾ ಈಗ ಮಾಡಿದ್ದು ತಪ್ಪು. ಯಾವ್ದು?”

ಅಪ್ಪ ಕಪ್ಪು ಕನ್ನಡಕ ನನ್ನ ಕಡೆ ತಿರುಗಿಸಿದರು.

“ಎರಡೂ ಸರಿ. ಅವ್ಳಿಗೆ ಕೈ ಇಲ್ಲ, ಕಲ್ಸೋಕೆ ನಂಗೆ ಕಣ್ಣಿಲ್ಲ. ಗಾಡಿ ಮಾಡ್ಕೊಟ್ಟೆ.”

“ನಂಗೆ ಕೈ ಇತ್ತಲ್ಲ? ಯಾಕೆ ಕಲಿಸ್ಲಿಲ್ಲ?”

“ನೀನು ಎಲ್ಲಿದ್ದೆ? ಮೈಕ್ ಇಡ್ಕೊಂಡಿದ್ದೆ.”

“ಮೈಕ್ ಹಿಡಿದಿದ್ದು ಆಮೇಲೆ. ಮೊದ್ಲು ನೀವು ನಕ್ಕಿರಿ. ಕಾರಣ ಮೊದಲು, ಪರಿಣಾಮ ಆಮೇಲೆ.”

“ನೋಡ್ದಾ?” ಎಂದರು ಅಪ್ಪ, ಬೇಸರದಿಂದಲ್ಲ, ಸುಸ್ತಿನಿಂದ. “ನಿಂಗೆ ಏನಾರ ಏಳ್ಕೊಡೋದು ಅಂದ್ರೆ ಕಟಕಟೆ ಅತ್ತಿದಂಗೆ ಕಣವ್ವ. ಉಳಿ ಇಂಗಿಡಿ ಅಂದ್ರೆ, ಯಾಕೆ ಅಂಗಿಡಿಬಾರ್ದು ಅಂತೀಯ. ಅವ್ಳಿಗೆ ಇಂಗಿಡಿ ಅಂದ್ರೆ ಇಂಗೇ ಇಡೀತಾಳೆ. ಕೆಲ್ಸ ಆಯ್ತದೆ.”

ನನ್ನ ಬಳಿ ಇದಕ್ಕೆ ಉತ್ತರವಿತ್ತು. ಒಂದಲ್ಲ, ನಾಲ್ಕು. ಆದರೆ ನಾಲ್ಕೂ ಅವರು ಹೇಳಿದ್ದನ್ನೇ ಸಾಬೀತು ಮಾಡುತ್ತಿದ್ದವು. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಆ ಹೊತ್ತಿಗೆ ನೆನಪಾಗಲಿಲ್ಲ.

ಆ ವಾರ ಅಮಾವಾಸ್ಯೆ ಬಂತು. ಹೊರಗಿನವರಿಗೆ ಹೇಳಬೇಕು: ನಮ್ಮ ಆಚಾರರ ಮನೆಗಳಲ್ಲಿ ಅಮಾವಾಸ್ಯೆ ರಜೆಯ ದಿನ. ಉಳಿ, ಬಾಚಿ, ಗರಗಸ ಯಾವುದನ್ನೂ ಮುಟ್ಟುವುದಿಲ್ಲ, ಅವೂ ಸುಧಾರಿಸಿಕೊಳ್ಳಲಿ ಎಂದು. ಶೆಡ್ಡಿಗೆ ಚಿಲಕ ಬೀಳುತ್ತದೆ. ನಾನು ಹತ್ತನೇ ಕ್ಲಾಸಿನಲ್ಲೇ ಈ ಪದ್ಧತಿಯನ್ನು ಪ್ರಶ್ನಿಸಿದ್ದೆ. ‘ಚಂದ್ರ ಕಾಣದಿದ್ದರೆ ಕಬ್ಬಿಣಕ್ಕೇನು?’ ಎಂದು ಕೇಳಿದ್ದಕ್ಕೆ ಅಮ್ಮ, “ಕಬ್ಬಿಣಕ್ಕೇನಿಲ್ಲ, ನಿಮ್ಮಪ್ಪಂಗೆ ಸೊಂಟ ನೋವು, ಸುಮ್ನಿರು,” ಎಂದಿದ್ದರು. ಅದು ಈ ಮನೆಯಲ್ಲಿ ನನಗೆ ಸಿಕ್ಕ ಅತ್ಯಂತ ವೈಜ್ಞಾನಿಕ ಉತ್ತರ.

ಇರಲಿ. ಅಮಾವಾಸ್ಯೆಯ ಮಧ್ಯಾಹ್ನ ಅತ್ತಿಗೆ ಕ್ಲಿನಿಕ್ಕಿನಲ್ಲಿ. ಅಣ್ಣ ಕೆಲಸಕ್ಕೆ. ಅಪ್ಪ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮಲಗಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತಾ ಟಿವಿಯ ಮುಂದೆ. ನನಗೆ ಆ ದಿನ ಒಂದೇ ಕ್ಲಾಸು. ಶೆಡ್ಡಿನ ಚಿಲಕ ತೆಗೆದೆ.

ಅತ್ತಿಗೆಗಿಂತ ಮೊದಲು ನಾನು. ನನ್ನ ತಲೆಯಲ್ಲಿದ್ದುದು ಇಷ್ಟೇ. ಭಾನುವಾರ ಅಪ್ಪ ತಾತನ ಉಳಿ ತೆಗೆದು ನೋಡಬೇಕು, ಅದು ಆಗಲೇ ಹರಿತವಾಗಿರಬೇಕು, ‘ಯಾರು ಮಾಡಿದ್ದು?’ ಎಂದು ಕೇಳಬೇಕು. ನಾನು ಆಗ ಏನೂ ಹೇಳದೆ ನಿಂತಿರಬೇಕು. ಏನೂ ಹೇಳದೆ ನಿಲ್ಲುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ.

ಉಳಿಗಾಡಿಯ ಒಂದು ಅನುಕೂಲವೆಂದರೆ, ಇಬ್ಬರಿದ್ದಷ್ಟು ಬೇಗ ಆಗದಿದ್ದರೂ, ಒಬ್ಬರೇ ಕೆಲಸ ಮಾಡಬಹುದು. ಎಡಗೈಯಲ್ಲಿ ಗಾಡಿ ಒತ್ತಿ ಹಿಡಿದು ಬಲಗೈಯಲ್ಲಿ ಕಲ್ಲು ತಿರುಗಿಸಬಹುದು. ಉಳಿ ಕೂರಿಸುವ ಕ್ರಮವನ್ನು ಮೂರು ವಾರದಿಂದ ಹೊಟ್ಟೆ ಉರಿಸಿಕೊಂಡು ನೋಡಿದ್ದೆನಲ್ಲ, ಎಲ್ಲ ಕಂಠಪಾಠವಾಗಿತ್ತು. ಗಾಡಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಬೇಕು. ನಟ್ಟು ಸಡಿಲಿಸಿ ಉಳಿ ಒಳಗಿಡಬೇಕು. ನಟ್ಟು ಬಿಗಿಯಬೇಕು. ಬೋರಲು ಮಾಡಿ ಸರಳಿನ ಮೇಲಿಡಬೇಕು. ಇಳಿಜಾರು ಕೆಳಗಿರಬೇಕು ಎಂಬುದು ನನಗೆ ಆರನೇ ವಯಸ್ಸಿನಿಂದ ಗೊತ್ತು. ಕೆಳಗೆ ಬರುವ ಹಾಗೆ ಇಟ್ಟು, ಬಿಗಿದು, ಗಾಡಿಯನ್ನು ಬೋರಲು ಮಾಡಿದೆ.

ಅರ್ಧ ಗಂಟೆ ತಿರುಗಿಸಿದೆ. ಎಂಥ ಸುಖ ಗೊತ್ತೇ! ನೀರು ಮೊದಲ ಬಾರಿಗೆ ಬೇರೆ ಕಡೆ ಸಿಡಿಯಿತು. ಉಳಿಯ ತುದಿಯಲ್ಲಿ ಬೆಳ್ಳಿಯ ಗೀರೊಂದು ಹುಟ್ಟಿ ಅಗಲವಾಗುತ್ತಾ ಬಂತು. ಬೆರಳ ಗುಳಿ ನನ್ನ ಬೆರಳಿಗೆ ಸ್ವಲ್ಪ ಚಿಕ್ಕದಾಯಿತು, ಆದರೂ ಬಲವಂತವಾಗಿ ಕೂರಿಸಿದೆ. ಮುಗಿದ ಮೇಲೆ ಒಂದು ತೇಗದ ಚೂರಿನ ಮೇಲೆ ಬೆನ್ನು ಕೆಳಗೆ ಮಾಡಿ ತಳ್ಳಿದೆ. ಉಳಿ ಕಚ್ಚಲಿಲ್ಲ. ಜಾರುಬಂಡೆಯ ಮೇಲಿನ ಮಗುವಿನಂತೆ ಮರದ ಮೇಲೆ ಸುಮ್ಮನೆ ಜಾರಿತು. ಮತ್ತೆ ತಳ್ಳಿದೆ, ಮತ್ತೆ ಜಾರಿತು. ತಿರುಗಿಸಿ ನೋಡಿದೆ.

ಇಳಿಜಾರು ಇದ್ದ ಹಾಗೇ ಇತ್ತು, ಮೊಂಡಾಗಿ, ತುಕ್ಕಿನ ಚುಕ್ಕೆಗಳ ಸಮೇತ. ನಾನು ಅರ್ಧ ಗಂಟೆ ಸಾಣೆ ಹಿಡಿದದ್ದು ಬೆನ್ನಿಗೆ. ಗಾಡಿ ಅಂಗಾತ ಇದ್ದಾಗ ಕೆಳಗಿಟ್ಟದ್ದು ಬೋರಲು ಮಾಡಿದಾಗ ಮೇಲಾಗುತ್ತದೆ ಎಂಬುದಕ್ಕೆ ತರ್ಕಶಾಸ್ತ್ರ ಬೇಡ, ದೋಸೆ ಮಗುಚಿದ ಅನುಭವ ಸಾಕು. ಬರಿಗೈಯಲ್ಲಿ ಹಿಡಿದಿದ್ದರೆ ಬೆರಳೇ ಹೇಳುತ್ತಿತ್ತು. ಗಾಡಿ ಹೇಳಲಿಲ್ಲ. ನಾನು ಕೊಟ್ಟ ತಪ್ಪನ್ನು ಒಂದು ಕೂದಲೆಳೆಯಷ್ಟೂ ಅಲ್ಲಾಡದೆ ಕೊನೆಯವರೆಗೂ ಹಿಡಿದುಕೊಂಡಿತ್ತು. ಚಪ್ಪಟೆ ಇರಬೇಕಾದ ಬೆನ್ನಿಗೆ ಈಗ ಇನ್ನೊಂದು ಇಳಿಜಾರು. ತಾತನ ಉಳಿ ಪುಟ್ಟ ಕೊಡಲಿಯಾಗಿತ್ತು.

ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ನೇತುಹಾಕಿ, ಚಿಲಕ ಹಾಕಿ ಬಂದು ಅಮ್ಮನ ಪಕ್ಕ ಕೂತು ಅವರೆಕಾಯಿ ಸುಲಿದೆ. “ಏನೇ, ಕೇಳದೇನೇ ಕೆಲ್ಸ ಮಾಡ್ತಿದ್ದೀಯ?” ಎಂದು ಅಮ್ಮ ಅನುಮಾನದಿಂದ ನೋಡಿದರು.

ಭಾನುವಾರ ಬಂತು. ಅಪ್ಪ ಸ್ಟೂಲಿನ ಮೇಲೆ, ನಾನು ಹಿಡಿಯ ಬಳಿ, ಅಮ್ಮ ಕಾಫಿ ಲೋಟಗಳೊಂದಿಗೆ ಬಾಗಿಲಲ್ಲಿ. ಅತ್ತಿಗೆ ಗೋಡೆಯಿಂದ ತಾತನ ಉಳಿಯನ್ನು ಎರಡೂ ಕೈಯಲ್ಲಿ ಇಳಿಸಿದರು. ಬೆಳಕಿಗೆ ಹಿಡಿದರು. ಕೊಳೆತ ಹಲ್ಲನ್ನು ನೋಡುವ ಅದೇ ಶಾಂತಿಯಿಂದ ನೋಡಿದರು.

“ಮಾವ, ಇದರ ಬೆನ್ನು ಕೆಟ್ಟಿದೆ. ನಾನು ಮುಟ್ಟಿಲ್ಲ.”

ಇಲ್ಲಿ ಅವರು ‘ಇರಬಹುದು’ ಎನ್ನಬಹುದಿತ್ತು. ಎನ್ನಲಿಲ್ಲ. ಅಪ್ಪ ಉಳಿಯನ್ನು ಕೈಗೆ ತೆಗೆದುಕೊಂಡು ಕಣ್ಣಿಂದ ನೋಡದೆ ಹೆಬ್ಬೆರಳಿನಿಂದ ಬೆನ್ನು ಸವರಿದರು. ಹೆಬ್ಬೆರಳು ತುದಿಯ ಬಳಿ ಹೋಗಿ ನಿಂತಿತು. ಹಿಂದಕ್ಕೆ ಬಂದು ಮತ್ತೆ ಹೋಗಿ ಅಲ್ಲೇ ನಿಂತಿತು.

“ಯಾರಿದು?”

ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮೌನ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಅಮ್ಮ, “ಅಯ್ಯೋ! ಅಮಾಸೆ ಮದ್ಯಾನ ಶೆಡ್ಡಲ್ಲಿ ಏನೋ ಗುರ್ ಅಂತಿತ್ತು, ಮೇಲೆ ವಿಮಾನ ಓಗ್ತೈತೆ ಅಂದ್ಕೊಂಡೆ. ನೀನೇನೇ? ಅಮಾಸೆ ದಿನ ಉಳಿ ಮುಟ್ಟಿದ್ರೆ ಇನ್ನೇನಾಯ್ತದೆ! ಕೆಡ್ದೆ ಇರ್ತದಾ?” ಎಂದರು.

ನೋಡಿ, ಎಂಥ ಸುಲಭದ ದಾರಿ ತೆರೆಯಿತು! ಅಮಾವಾಸ್ಯೆಯ ತಲೆಗೆ ಕಟ್ಟಿ ಹೊರಬರಬಹುದಿತ್ತು. ಅಪ್ಪನ ಮುಖ ಕೂಡ ಸ್ವಲ್ಪ ಸಡಿಲವಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

“ಅಮಾವಾಸ್ಯೆಗೂ ಇದಕ್ಕೂ ಏನಮ್ಮ ಸಂಬಂಧ? ಉಳಿ ಉಲ್ಟಾ ಕೂರಿಸಿದ್ದು ನಾನು. ಹುಣ್ಣಿಮೆ ದಿನ ಉಲ್ಟಾ ಕೂರಿಸಿದ್ರೂ ಬೆನ್ನೇ ತೇಯೋದು. ಅರ್ಧ ಗಂಟೆ ತಿರುಗಿಸಿದ್ರೂ ಒಂದ್ಸಲ ತೆಗೆದು ನೋಡ್ಲಿಲ್ಲ, ಯಾಕಂದ್ರೆ ನಂಗೆ ಗೊತ್ತು ಅನ್ನೋ ಜಂಬ. ಅತ್ತಿಗೆಗಿಂತ ಮೊದ್ಲು ಮಾಡ್ಬೇಕು ಅನ್ನೋ ಹೊಟ್ಟೆಕಿಚ್ಚು. ಇದ್ರಲ್ಲಿ ಚಂದ್ರಂದೇನೂ ತಪ್ಪಿಲ್ಲ!”

ನನ್ನ ಜೀವಮಾನದಲ್ಲೇ ಅಷ್ಟು ಬಿಗಿಯಾದ ವಾದ ಮಂಡಿಸಿರಲಿಲ್ಲ. ಮುಗಿದ ಮೇಲೆ ಗೊತ್ತಾಯಿತು, ನನ್ನ ವಿರುದ್ಧ ನಾನೇ ಗೆದ್ದಿದ್ದೆ. ಹೊಟ್ಟೆಕಿಚ್ಚು ಎಂಬ ಪದ ಬಾಯಿಂದ ಬಿದ್ದು ಕಾಫಿ ಲೋಟಗಳ ನಡುವೆ ಕೂತಿತ್ತು. ಅತ್ತಿಗೆ ನೆಲ ನೋಡಿದರು.

ಅಪ್ಪ ಎದ್ದರು. ಆಮೇಲೆ ಶುರುವಾಯಿತು.

“ಕತ್ತೆ ವಯಸ್ಸಾಗೈತೆ! ಉಳಿಗೆ ಮಕ ಯಾವ್ದು, ಬೆನ್ ಯಾವ್ದು ಗೊತ್ತಿಲ್ವೇನೇ? ನಮ್ಮಪ್ಪ ಅದ್ರಲ್ಲಿ ಮನೆ ಮನೆ ಬಾಗ್ಲು ಮಾಡಿದ್ದ! ಆ ಮಕ್ಕಳಿಗೆ ಏನ್ ಪಾಠ ಏಳ್ತೀಯೇ ನೀನು? ಕೂತ್ಕೋ ಇಲ್ಲಿ! ಇಲ್ಲಿ ಅಂದ್ರೆ ಇಲ್ಲಿ!”

ಕೂತೆ. ಉಳಿಯ ಬಾಯಿಯನ್ನು ಮುಂದಿನಿಂದ ಒಂದಿಷ್ಟು ತೇದು ಗಿಡ್ಡ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ತಾತನ ಉಳಿಯಲ್ಲಿ ಕಳೆಯಲು ಉದ್ದವೇ ಉಳಿದಿಲ್ಲ. ಇಡೀ ಬೆನ್ನನ್ನೇ ಸಮ ಮಾಡುತ್ತಾ ಬರಬೇಕು. ಅದಕ್ಕೆ ತಿರುಗುವ ಕಲ್ಲು ಆಗದು, ಗಾಡಿಯೂ ಆಗದು. ನೆಲದ ಮೇಲೆ ಚಪ್ಪಟೆ ಮಸೆಗಲ್ಲು ಇಟ್ಟು, ಬೆನ್ನನ್ನು ಅದರ ಮೇಲೆ ಮಲಗಿಸಿ, ಮೂರು ಬೆರಳಿನಿಂದ ಒತ್ತಿ, ಬರಿಗೈಯಲ್ಲಿ ತೇಯಬೇಕು. ದಿನಕ್ಕೆ ಕಾಲು ಗಂಟೆಯಂತೆ ಎಷ್ಟು ವಾರವಾಗುತ್ತದೋ ಅಷ್ಟು.

ಆಗುತ್ತಲೇ ಇದೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ನಾನು ಮಸೆಗಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಅಪ್ಪ ಸ್ಟೂಲು ಎಳೆದುಕೊಂಡು ಹತ್ತಿರ ಬರುತ್ತಾರೆ. “ರಾಗಿ ಬೀಸ್ತಿದ್ದೀಯೇನೇ? ಮೆಲ್ಲಕೆ!” “ತುದಿ ಎತ್ಬೇಡ ಅಂತ ಎಷ್ಟ್ ಸಲ ಬಡ್ಕೊಳ್ಳಿ!” “ಬೆರಳು ಅಲ್ಲಲ್ಲ, ಇಲ್ಲಿ!” ಮೊದಲ ದಿನ ಅಭ್ಯಾಸಬಲದಿಂದ “ಯಾಕೆ ಅಲ್ಲಿಡಬಾರದು?” ಎಂದುಬಿಟ್ಟೆ. “ಯಾಕಾ? ಕೆಡ್ಸಿದ್ದು ನೀನು, ಅದ್ಕೆ!” ಎಂದರು. ಈ ವಾದದಲ್ಲಿ ಎಷ್ಟು ದೋಷಗಳಿವೆ ಎಂದು ನನ್ನ ವಿದ್ಯಾರ್ಥಿಗಳು ಕೂಡ ಹೇಳಬಲ್ಲರು. ನಾನು ಬೆರಳನ್ನು ಅವರು ಹೇಳಿದ ಕಡೆ ಇಟ್ಟೆ. ಉಳಿ ಕಲ್ಲಿಗೆ ಅಂಟಿದಂತೆ ಕೂತಿತು. ನನ್ನ ಉಗುರುಗಳ ಸಂದಿಯಲ್ಲಿ ಈಗ ಸದಾ ಕಪ್ಪು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಮುಂದಿನ ಬೆಂಚಿನವರು ನೋಡುತ್ತಾರೆ, ಮುಚ್ಚಿಕೊಳ್ಳುವುದಿಲ್ಲ.

ಅತ್ತಿಗೆ ಉಳಿದ ಉಳಿಗಳನ್ನು ಗಾಡಿಯಲ್ಲಿ ಕೂರಿಸಿ ಎಂದಿನಂತೆ ಹರಿತ ಮಾಡುತ್ತಾರೆ. ಕಾಗದ ಎರಡಾಗುತ್ತದೆ. ಅಪ್ಪ “ಬಲ್ ಚೆನ್ನಾಗೈತಮ್ಮ,” ಎನ್ನುತ್ತಾರೆ. ಸುಳ್ಳೇಕೆ, ಆ ಗುಳಿಯನ್ನು ಕಂಡರೆ ಈಗಲೂ ಅದೇ ಜಾಗದಲ್ಲಿ ಉರಿಯುತ್ತದೆ.

ಮೊನ್ನೆ ಹಲ್ಲುಜ್ಜಿ ಬಂದು ಮಸೆಗಲ್ಲಿನ ಮುಂದೆ ಕೂತಿದ್ದೆ. ಅಪ್ಪ ಅಂದು ವಿಶೇಷ ಉತ್ಸಾಹದಲ್ಲಿದ್ದರು. ನನ್ನ ಕೈ, ನನ್ನ ಬುದ್ಧಿ, ನನ್ನ ಎಂ.ಎ., ನಾನು ಕೂರುವ ರೀತಿ, ಯಾವುದನ್ನೂ ಬಿಡಲಿಲ್ಲ. ಅಮ್ಮ ಕಣ್ಣಿನ ಔಷಧಿಗೆ ಕರೆದರು. “ಬಂದ್ ನೋಡ್ತೀನಿ, ನಿಲ್ಲಿಸ್ದೆ ಅಂದ್ರೆ ಐತೆ ನಿಂಗೆ,” ಎಂದು ಬೆದರಿಸಿ ಒಳಗೆ ಹೋದರು. ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ ಕ್ಲಿನಿಕ್ಕಿಗೆ ಹೊರಟು ಚೀಲ ಹಾಕಿಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಮಾವ ನಿಂಗೆ ಚೆನ್ನಾಗಿ ಬೈತಾರೆ ಅಲ್ವಾ,” ಎಂದರು.

“ಮಜಾ ತಗೋತಿದ್ದೀರಾ?”

“ಇಲ್ಲ ಕಣೆ.” ಅವರು ಬಂದು ಪಕ್ಕದಲ್ಲಿ ಕುಕ್ಕರಿಸಿದರು. “ನಂಗೆ ಒಂದಿನಾನೂ ಬೈದಿಲ್ಲ. ಎರಡು ವರ್ಷ ಆಯ್ತು ಬಂದು. ಹುಳಿಗೆ ಎರಡು ಸಲ ಉಪ್ಪು ಹಾಕಿದ್ದೆ, ‘ಪರ್ವಾಗಿಲ್ಲಮ್ಮ’ ಅಂತ ಪೂರ್ತಿ ಊಟ ಮಾಡಿ ಎದ್ದೋದ್ರು. ಆಮೇಲೆ ಒಂದು ತಂಬಿಗೆ ನೀರು ಕುಡಿದ್ರು. ಹೋದ್ ವಾರ ಮುಕ್ಕಾಲಿಂಚಿನ ಉಳಿ ಮೂಲೆ ತೇದ್ಬಿಟ್ಟೆ. ‘ನಿಂದೇನಿಲ್ಲಮ್ಮ, ಗಾಡಿದೇ ತಪ್ಪು’ ಅಂದ್ರು. ಗಾಡಿದು ತಪ್ಪಿರ್ಲಿಲ್ಲ. ನಂದೇ. ನಮ್ಮಪ್ಪ ಆಗಿದ್ರೆ ಮನೆ ಹಾರೋಗೋ ಹಾಗೆ ಕೂಗಾಡಿರೋರು.” ಚೀಲದ ಪಟ್ಟಿ ಸರಿಮಾಡಿಕೊಂಡು, “ನೆಂಟರ ಮನೇಲಿ ಇದ್ದಂಗೇ ಇರುತ್ತೆ,” ಎಂದರು.

ಅತ್ತಿಗೆ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮುಖ ನೋಡಿದೆ. ಅವರು ನನ್ನ ಮುಖವನ್ನು ನೋಡುತ್ತಿರಲಿಲ್ಲ. ಮಸೆಗಲ್ಲಿನ ಮೇಲೆ, ಅಪ್ಪ ಬೈದು ಬೈದು ಕೂರಿಸಿದ ನನ್ನ ಮೂರು ಕಪ್ಪು ಬೆರಳುಗಳನ್ನು ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಎರಡು ತಿಂಗಳಿಂದ ಅದನ್ನು ಮುಖದ ಮೇಲೆ ಇಟ್ಟುಕೊಂಡೇ ಓಡಾಡಿದವಳಲ್ಲವೇ ನಾನು? ಎಡಗಡೆ, ಎದೆಯ ಕೆಳಗೆ, ಅವರಿಗೂ ಅಲ್ಲೇ ಇರಬೇಕು. ನನಗೆ ನಾಚಿಕೆಯಾಗಬೇಕಿತ್ತು, ಸ್ವಲ್ಪ ಆಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿಬಿಡುತ್ತೇನೆ, ಖುಷಿಯಾಯಿತು.

“ಹಾಗಾದ್ರೆ ನೀವೂ ಒಂದು ಉಳಿ ಕೆಡಿಸಿ ಅತ್ತಿಗೆ,” ಎಂದೆ, ತಮಾಷೆಗೆ.

ಅವರು ನಗಲಿಲ್ಲ. ಡಬ್ಬದಲ್ಲಿ ನಿಂತಿದ್ದ ಉಳಿಗಳನ್ನು ಒಂದೊಂದಾಗಿ ನೋಡಿದರು. ಒಳಗಿನಿಂದ ಅಪ್ಪನ ಹೆಜ್ಜೆ ಕೇಳುತ್ತದೆಯೇ ಎಂದು ಕಿವಿಗೊಟ್ಟರು. ಆಮೇಲೆ ಚೀಲವನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು:

“ಯಾವ್ದು ಕೆಡಿಸ್ಲಿ?”